ರಜೆಗೆ ಒಬ್ಬರೇ ಮಂಗಳಗಿರಿಗೆ ಹೊರಟಿದ್ದೀರಾ? ಮೊದಲು ಇದನ್ನು ಓದಿ

ಕೆಲಸಕ್ಕಾಗಿ ಊರು ಬಿಟ್ಟು ಬಂದ ನಮ್ಮವರಿಗೆ ಒಂದು ಅಭ್ಯಾಸವಿದೆ. ಮನೆಯವರು, ಮಕ್ಕಳು ಊರಿಗೆ ಹೋಗಿರುತ್ತಾರೆ, ವಿಶಾಖಪಟ್ಟಣದ ಬಾಡಿಗೆ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಮನಸ್ಸಾಗುತ್ತದೆ. ಮಧ್ಯಾಹ್ನ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದರೆ ಸಂಜೆಗೆ ವಿಜಯವಾಡ, ಭಾನುವಾರ ಮಂಗಳಗಿರಿಯ ಪಾನಕಾಲ ನರಸಿಂಹಸ್ವಾಮಿ ದರ್ಶನ. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು, ಸ್ಟೆಂಟ್ ಹಾಕಿಸಿಕೊಂಡವರು ಕೆಲವು ವಿಷಯ ತಿಳಿದಿರಬೇಕು.

ಹೀಗೆ ದಿಢೀರ್ ಹೊರಟಾಗ ಮೊದಲು ಮರೆಯುವುದು ಮಾತ್ರೆ. ಚಾರ್ಜರ್ ನೆನಪಿರುತ್ತದೆ, ಮಾತ್ರೆ ಡಬ್ಬಿ ಫ್ರಿಜ್ ಮೇಲೆಯೇ ಉಳಿದಿರುತ್ತದೆ. "ಎರಡು ದಿನ ತಾನೇ ಡಾಕ್ಟ್ರೇ" ಎನ್ನುತ್ತಾರೆ. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತಪ್ಪಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಮೆಟೋಪ್ರೊಲಾಲ್, ಅಟೆನೊಲಾಲ್‌ನಂಥವನ್ನು ಥಟ್ಟನೆ ನಿಲ್ಲಿಸಿದರೆ ಎದೆಬಡಿತವೂ ಬಿಪಿಯೂ ಏರುತ್ತವೆ, ಕೆಲವರಿಗೆ ಎದೆನೋವೇ ಬರುತ್ತದೆ. ಆದ್ದರಿಂದ ನಾಲ್ಕು ದಿನದ ಮಾತ್ರೆಯನ್ನು ಸಣ್ಣ ಚೀಲದಲ್ಲಿ ಹಾಕಿ ಬ್ಯಾಗಿನಲ್ಲಿಯೇ ಬಿಟ್ಟಿರಿ. ಅವಧಿ ಮುಗಿಯುವ ಮೊದಲು ಬದಲಾಯಿಸುತ್ತಿದ್ದರೆ ಸಾಕು.

ಇನ್ನು ಬೆಟ್ಟ. ಮೇಲಿನ ದೇವಸ್ಥಾನದಲ್ಲಿ ಸ್ವಾಮಿಯ ಬಾಯಿಗೆ ಬೆಲ್ಲದ ಪಾನಕ ಎರೆಯುತ್ತಾರೆ, ಅರ್ಧ ಒಳಗೆ ಹೋಗಿ ಉಳಿದದ್ದು ಪ್ರಸಾದ ಎಂಬುದು ನಂಬಿಕೆ. ಮಧ್ಯಾಹ್ನದ ನಂತರ ಬಾಗಿಲು ಹಾಕುತ್ತಾರೆ, ರಾತ್ರಿಯ ಪೂಜೆ ದೇವತೆಗಳದ್ದಂತೆ. ಹಾಗಾಗಿ ತಡವಾಗಿ ಎದ್ದವರು ಸುಡುಬಿಸಿಲಿನಲ್ಲಿ ಅವಸರದಿಂದ ಮೆಟ್ಟಿಲೇರುತ್ತಾರೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಸೆಖೆಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರಿನಿಂದ ರಕ್ತದ ಪ್ರಮಾಣ ಕುಗ್ಗುತ್ತದೆ, ಅದೇ ಹೊತ್ತಿಗೆ ಕಾಲಿನ ಸ್ನಾಯುಗಳು ಹೆಚ್ಚು ರಕ್ತ ಕೇಳುತ್ತವೆ. ಹೃದಯ ಓಡಲೇಬೇಕು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯನ್ನೂ ನುಂಗಿದ್ದರೆ ತಲೆಸುತ್ತಿ ಬೀಳಬಹುದು. ಮನೆಯಲ್ಲಿ ಎರಡು ಮಹಡಿ ಹತ್ತುವಾಗಲೇ ಎದೆ ಬಿಗಿದು, ನಿಂತರೆ ಸರಿಹೋಗುವವರು ಮೊದಲು ವೈದ್ಯರನ್ನು ಕಾಣಬೇಕು, ಬೆಟ್ಟ ಆಮೇಲೆ. ಮೇಲಕ್ಕೆ ರಸ್ತೆಯೂ ಇದೆ. ಆಟೋದಲ್ಲಿ ಹೋದರೆ ಪುಣ್ಯ ಕಡಿಮೆಯಾಗುವುದಿಲ್ಲ. ಶುಗರ್ ಇರುವವರು ಪಾನಕವನ್ನು ತೀರ್ಥದಷ್ಟು ತೆಗೆದುಕೊಳ್ಳಿ, ಬಾಯಾರಿಕೆಗೆ ನೀರು ಕುಡಿಯಿರಿ. ಬೆಲ್ಲವೂ ಸಕ್ಕರೆಯೇ.

ಒಂಟಿ ಪ್ರಯಾಣದ ನಿಜವಾದ ಅಪಾಯ ಬೇರೆಯೇ ಇದೆ. ರಕ್ತನಾಳ ಪೂರ್ತಿ ಕಟ್ಟಿಕೊಂಡರೆ ಅರ್ಧ ಗಂಟೆಯೊಳಗೇ ಹೃದಯದ ಸ್ನಾಯು ಸಾಯತೊಡಗುತ್ತದೆ. ಮೊದಲ ಒಂದೆರಡು ಗಂಟೆಯಲ್ಲಿ ರಕ್ತದ ಹರಿವು ಮರಳಿದರೆ ಬಹಳಷ್ಟು ಉಳಿಯುತ್ತದೆ. ಮನೆಯಲ್ಲಾದರೆ ಹೆಂಡತಿ "ಯಾಕ್ರೀ ಹೀಗೆ ಬೆವರ್ತಾ ಇದ್ದೀರಿ, ಏಳಿ" ಎಂದು ಎಬ್ಬಿಸುತ್ತಾರೆ. ಲಾಡ್ಜಿನ ಕೋಣೆಯಲ್ಲಿ ಯಾರಿದ್ದಾರೆ? ಖಾರದ ಊಟ, ಗೊಂಗೂರ ಚಟ್ನಿಯ ಮೇಲೆ ತಪ್ಪು ಹೊರಿಸಿ, ಗ್ಯಾಸ್ ಮಾತ್ರೆ ನುಂಗಿ ಮಲಗುತ್ತಾರೆ. ಮಹಿಳೆಯರಿಗೂ ಶುಗರ್ ಇರುವವರಿಗೂ ಎದೆನೋವೇ ಬರದೆ ಬರೀ ಉಬ್ಬಸ, ವಾಕರಿಕೆ, ದವಡೆ ಅಥವಾ ಬೆನ್ನು ನೋವು, ವಿಪರೀತ ಸುಸ್ತು ಇರಬಹುದು. ಇದು ಹತ್ತು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. ತಣ್ಣನೆಯ ಬೆವರು, ತಲೆಸುತ್ತು ಇದ್ದರೆ ಅಷ್ಟೂ ಕಾಯಬೇಡಿ.

ಕರೆ ಮಾಡಿದ ಮೇಲೆ ಆಸ್ಪಿರಿನ್ 300 ಮಿ.ಗ್ರಾಂ. ಅಗಿದು ನುಂಗಿ. 75ರ ಮಾತ್ರೆಯಾದರೆ ನಾಲ್ಕು. ಆಸ್ಪಿರಿನ್ ಅಲರ್ಜಿ, ಹೊಟ್ಟೆಯ ರಕ್ತಸ್ರಾವ ಇದ್ದವರಿಗೆ ಬೇಡ. ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು, ಆಗಲೂ ಬೇಡ. ಸಾರ್ಬಿಟ್ರೇಟ್ ಅನ್ನು ವೈದ್ಯರು ನಿಮಗೇ ಬರೆದುಕೊಟ್ಟಿದ್ದರೆ ಮಾತ್ರ, ಕುಳಿತುಕೊಂಡು ನಾಲಿಗೆಯಡಿ ಇಡಿ. ವಯಾಗ್ರಾ ಬಗೆಯ ಮಾತ್ರೆ ತೆಗೆದುಕೊಂಡ ಒಂದೆರಡು ದಿನದಲ್ಲಿ ಇದನ್ನು ಮುಟ್ಟಬಾರದು, ಬಿಪಿ ಪಾತಾಳಕ್ಕಿಳಿಯುತ್ತದೆ. (ನಾಚಿಕೆಯಿಂದ ಇದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಬರೆದೆ.) ಸ್ವತಃ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಹೋಗಬೇಡಿ. ಮಂಗಳಗಿರಿಯಲ್ಲೇ ಏಮ್ಸ್ ಇದೆ, ವಿಜಯವಾಡವೂ ದೂರವಿಲ್ಲ.

ಹೊರಡುವ ಮೊದಲು ಹಳೆಯ ಇಸಿಜಿ ಮತ್ತು ಡಿಸ್ಚಾರ್ಜ್ ಚೀಟಿಯ ಫೋಟೊ ಫೋನಿನಲ್ಲಿರಲಿ. ಹೊಸ ಇಸಿಜಿಯ ಬದಲಾವಣೆ ಹಳೆಯದೋ ಇಂದಿನದೋ ಎಂದು ಡ್ಯೂಟಿ ಡಾಕ್ಟರಿಗೆ ತಕ್ಷಣ ತಿಳಿಯುತ್ತದೆ. ಬ್ರ್ಯಾಂಡ್ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ ಬರೆದಿಡಿ. ಲಾಕ್ ತೆಗೆಯದೆ ಕಾಣುವ ಎಮರ್ಜೆನ್ಸಿ ಮಾಹಿತಿಯಲ್ಲಿ ಮನೆಯವರ ನಂಬರ್ ಹಾಕಿ, ಲಾಡ್ಜಿನ ಹೆಸರು, ಲೊಕೇಶನ್ ಅವರಿಗೆ ಕಳುಹಿಸಿ.

ತೆಲುಗು ಬಾರದವರು ಇದೊಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: "ನಾಕು ಗುಂಡೆ ನೊಪ್ಪಿ, 108ಕಿ ಫೋನ್ ಚೇಯಂಡಿ." ಅವರ ಗುಂಡೆ ನಮ್ಮ ಗುಂಡಿಗೆಯೇ, ನೊಪ್ಪಿ ಎಂದರೆ ನೋವು. ಲಾಡ್ಜಿನ ಹುಡುಗನಿಗೂ ಆಟೋದವರಿಗೂ ಅಷ್ಟು ಹೇಳಿದರೆ ಅರ್ಥವಾಗುತ್ತದೆ.