ಬರೆದ ಬೆಳಕು: ಯುದ್ಧಕ್ರೀಡೆಯ ಕಿರುಬೊಂಬೆಗಳ ವರ್ಣಕಲೆ

ಮೇಜಿನ ಮೇಲೆ ಪುಟ್ಟ ರಣರಂಗವನ್ನು ಹೂಡಿ, ಅಳತೆಪಟ್ಟಿಯಿಂದ ಸೈನ್ಯದ ನಡೆಯನ್ನು ಅಳೆದು, ದಾಳ ಉರುಳಿಸಿ ಸೋಲು ಗೆಲವುಗಳನ್ನು ನಿರ್ಣಯಿಸುವ ಯುದ್ಧಕ್ರೀಡೆ ಯುರೋಪಿನಲ್ಲಿ ಬೆಳೆದುದು. 1824ರಲ್ಲಿ ಪ್ರಷ್ಯಾದ ಸೇನೆ ಅಧಿಕಾರಿಗಳ ತರಬೇತಿಗಾಗಿ ಅಂಗೀಕರಿಸಿದ ‘ಕ್ರೀಗ್ಸ್‌ಪೀಲ್’ ಆಟದಲ್ಲಿ ದಳಗಳನ್ನು ಸೂಚಿಸುತ್ತಿದ್ದುದು ಬಣ್ಣದ ಚಿಕ್ಕ ತುಂಡುಗಳು ಮಾತ್ರ. 1913ರಲ್ಲಿ ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಆಟಿಕೆಯ ಸೈನಿಕರನ್ನು ಬಳಸಿ ಆಡುವ ನಿಯಮಗಳನ್ನು ಕೊಟ್ಟರು. 1983ರಲ್ಲಿ ಇಂಗ್ಲೆಂಡಿನಲ್ಲಿಯೇ ಹೊರಬಂದ ‘ವಾರ್‌ಹ್ಯಾಮರ್’ ಈ ಹವ್ಯಾಸವನ್ನು ಅನೇಕ ದೇಶಗಳಿಗೆ ಒಯ್ದಿತು. ಇಂದಿನ ಬೊಂಬೆಗಳ ರೂಢಿಯ ಅಳತೆ 28 ಮಿ.ಮೀ., ಎಂದರೆ ಅಂಗುಲಕ್ಕಿಂತ ತುಸು ಹೆಚ್ಚು. ಪ್ಲಾಸ್ಟಿಕ್ ಅಥವಾ ಲೋಹದ ಈ ಬೊಂಬೆಗಳು ಸಾಮಾನ್ಯವಾಗಿ ಬಣ್ಣವಿಲ್ಲದೆ ಬರುತ್ತವೆ. ಬಣ್ಣ ಹಚ್ಚುವ ಕೆಲಸ ಆಟಗಾರನದು.

ಅಂಗಿಗೆ ಕೆಂಪು, ಕತ್ತಿಗೆ ಬೆಳ್ಳಿ, ಮುಖಕ್ಕೆ ಮೈಬಣ್ಣ ಬಳಿದರೆ ಸಾಲದೆ? ದೀಪಾವಳಿಯಲ್ಲಿ ಸೊಲ್ಲಾಪುರದ ಕಡೆ ಮಕ್ಕಳು ಅಂಗಳದಲ್ಲಿ ಕಟ್ಟುವ ಮಣ್ಣಿನ ಕಿಲ್ಲೆಯ ಮೇಲೆ ನಿಲ್ಲುವ ಮಾವಳೆಯರಿಗೆ ಇರುವುದು ಬಹುಮಟ್ಟಿಗೆ ಇಂಥ ಒಂದೇ ಸಮನಾದ ಬಣ್ಣ. ಅಲ್ಲಿ ಅದು ಚೆಂದವೇ. ಆದರೆ ಅಂಗುಲದ ಸೈನಿಕನಿಗೆ ಹೀಗೆ ಬಳಿದರೆ ಶಿಲ್ಪಿ ಕಡೆದ ಉಬ್ಬು ತಗ್ಗುಗಳೆಲ್ಲ ಮರೆಯಾಗಿ ಬೊಂಬೆ ಚಪ್ಪಟೆಯಾಗಿ ತೋರುತ್ತದೆ.

ಕಾರಣವನ್ನು ಗಾತ್ರದಲ್ಲಿಯೇ ಹುಡುಕಬೇಕು. ಐದೂವರೆ ಅಡಿಯ ಮನುಷ್ಯನು 28 ಮಿ.ಮೀ.ಗೆ ಇಳಿದಾಗ ಅವನ ಮೂಗು, ಹುಬ್ಬು, ನಿಲುವಂಗಿಯ ನೆರಿಗೆ ಎಲ್ಲವೂ ಸುಮಾರು 60 ಪಟ್ಟು ಕುಗ್ಗುತ್ತವೆ. ಅವನ ಮೇಲೆ ಬೀಳುವ ಬೆಳಕು ಮಾತ್ರ ಕುಗ್ಗುವುದಿಲ್ಲ. ಬೊಂಬೆಯ ಪಾಲಿಗೆ ಕೋಣೆಯ ಕಿಟಕಿಯೇ ಒಂದು ಆಕಾಶ. ಅದರ ಬೆಳಕು ಹಲವು ಕೋನಗಳಿಂದ ಬಂದು ಕೂದಲೆಳೆಯಷ್ಟು ಆಳದ ನೆರಿಗೆಯ ತಳವನ್ನೂ ಮುಟ್ಟುವುದರಿಂದ ನೆರಳು ತೆಳುವಾಗಿ ಕಾಣದೆ ಹೋಗುತ್ತದೆ. ಇದರೊಡನೆ ದೂರವೂ ಸೇರಿಕೊಳ್ಳುತ್ತದೆ. ಮೂರು ಅಡಿ ದೂರದಿಂದ ಬೊಂಬೆಯನ್ನು ನೋಡುವುದೂ ನಿಜವಾದ ಮನುಷ್ಯನನ್ನು 180 ಅಡಿ ದೂರದಿಂದ ನೋಡುವುದೂ ಕಣ್ಣಿಗೆ ಒಂದೇ ಅಳತೆ. ಆದುದರಿಂದ ತಾನಾಗಿ ಬೀಳದ ನೆರಳು ಬೆಳಕುಗಳನ್ನು ಕುಂಚದಿಂದ ಬರೆಯಬೇಕಾಗುತ್ತದೆ.

ಕೆಲಸದ ಕ್ರಮ ಹೀಗಿದೆ. ಮೊದಲು ಬಣ್ಣ ಹಿಡಿದುಕೊಳ್ಳುವಂತೆ ಪ್ರೈಮರ್ ಹಚ್ಚುತ್ತಾರೆ. ಅದರ ಮೇಲೆ ಪ್ರತಿಯೊಂದು ಭಾಗಕ್ಕೂ ಅದರ ಮೂಲಬಣ್ಣ. ಅಕ್ರಿಲಿಕ್ ಬಣ್ಣವನ್ನು ನೀರು ಬೆರೆಸಿ ತೆಳುವಾಗಿ ಎರಡು ಸಲ ಹಚ್ಚುವುದು ಲೇಸು. ದಪ್ಪನಾಗಿ ಒಮ್ಮೆ ಬಳಿದರೆ ನೆರಿಗೆಗಳೇ ತುಂಬಿಹೋಗುತ್ತವೆ. ಅನಂತರ ನೀರಿನಂತಹ ಕಡುಬಣ್ಣವನ್ನು ಹರಿಯಬಿಡುತ್ತಾರೆ; ‘ವಾಶ್’ ಎಂಬ ಈ ದ್ರವ ತಗ್ಗುಗಳಲ್ಲಿ ತಾನಾಗಿ ನಿಂತು ನೆರಳಾಗುತ್ತದೆ. ಅದು ಒಣಗಿದ ಮೇಲೆ ತಗ್ಗುಗಳನ್ನು ಬಿಟ್ಟು ಉಬ್ಬುಗಳ ಮೇಲೆ ಮತ್ತೆ ಮೂಲಬಣ್ಣ, ಅದಕ್ಕೂ ಕಿರಿದಾದ ಜಾಗದಲ್ಲಿ ತುಸು ತಿಳಿಬಣ್ಣ, ಕೊನೆಗೆ ಶಿರಸ್ತ್ರಾಣದ ಅಂಚಿಗೂ ಕತ್ತಿಯ ಅಲಗಿಗೂ ಎಲ್ಲಕ್ಕಿಂತ ತಿಳಿಯಾದ ಸಣ್ಣ ಗೆರೆ. ಈ ಏರಿಕೆಯೇ ‘ಹೈಲೈಟ್’. ತುಪ್ಪಳ, ಸರಪಳಿಯ ಕವಚಗಳಿಗೆ ಒಣಕುಂಚದ ವಿಧಾನವುಂಟು: ಕುಂಚದ ಬಣ್ಣವನ್ನು ಬಹುಪಾಲು ಒರೆಸಿ ಹಗುರವಾಗಿ ಸವರಿದರೆ ಉಬ್ಬುಗಳು ಮಾತ್ರ ಬಣ್ಣ ಹಿಡಿಯುತ್ತವೆ.

ತಿಳಿಬಣ್ಣವೆಂದರೆ ಬಿಳಿ ಬೆರೆಸಿದ ಬಣ್ಣವೆಂದೇ ತಿಳಿಯಬಾರದು. ಕೆಂಪಿಗೆ ಬಿಳಿ ಸೇರಿದರೆ ಗುಲಾಬಿಯಾಗಿ ಯೋಧನ ಅಂಗಿ ಬೇರೆಯೇ ಆಗುತ್ತದೆ. ಅದನ್ನು ಕಿತ್ತಳೆಯತ್ತ ಏರಿಸಬೇಕು. ಹಳದಿಯ ನೆರಳಿಗೆ ಕಪ್ಪು ಸೇರಿದರೆ ಹಸಿರು ಛಾಯೆ ಇಣುಕುತ್ತದೆ. ಅಲ್ಲಿ ಕಂದು ಒಪ್ಪುತ್ತದೆ. ಬೆಳಕು ಬರುವ ದಿಕ್ಕನ್ನೂ ಮೊದಲೇ ನಿಶ್ಚಯಿಸಬೇಕು. ನೆತ್ತಿಯ ಮೇಲಿನ ಸೂರ್ಯನನ್ನು ಭಾವಿಸಿದರೆ ಭುಜ, ಮೂಗಿನ ದಂಡ, ಕೆನ್ನೆಯ ಮೂಳೆ ಬೆಳಗಬೇಕು. ಗಲ್ಲದ ಕೆಳಗೆ ಕತ್ತಲಿರಬೇಕು.

ಈ ಸಮಸ್ಯೆ ನಮ್ಮ ಪ್ರಾಚೀನರಿಗೆ ಹೊಸದಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಛಾಯೆ ಕೊಡುವ ಕ್ರಮವನ್ನು ‘ವರ್ತನಾ’ ಎಂದು ಕರೆದು ಪತ್ರಜ, ಐರಿಕ, ಬಿಂದುಜ ಎಂದು ಮೂರು ಬಗೆ ಹೇಳುತ್ತದೆ. ತಗ್ಗು ಉಬ್ಬುಗಳನ್ನು ತೋರಬಲ್ಲವನೇ ಚಿತ್ರಜ್ಞನೆಂಬುದು ಅದರ ಅಭಿಪ್ರಾಯ. ಅಜಂತಾದ ಕೆಲವು ಮುಖಗಳ ಮೂಗಿನ ಮೇಲೆ ಬೆಳಕಿನ ಬಿಳಿ ಗೆರೆಯನ್ನು ಇಂದಿಗೂ ಕಾಣಬಹುದು. ಭಿತ್ತಿಚಿತ್ರದಲ್ಲಿ ಇಲ್ಲದ ಉಬ್ಬನ್ನು ಬಣ್ಣ ಹುಟ್ಟಿಸುತ್ತದೆ. ಕಿರುಬೊಂಬೆಯಲ್ಲಿ ಇದ್ದೂ ಕಾಣದ ಉಬ್ಬನ್ನು ಅದು ಕಾಣಿಸುತ್ತದೆ.

ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳಿಗೆ ಇಲ್ಲಿ ಭಾಮಹನ ನೆನಪಾಗಬೇಕು. ಲೋಕದ ಎಲ್ಲೆಯನ್ನು ಮೀರಿದ ಮಾತನ್ನು ಅತಿಶಯೋಕ್ತಿಯೆಂದು ಹೇಳುವಾಗ ಅವನು ಅದಕ್ಕೊಂದು ನಿಮಿತ್ತವಿರಬೇಕೆಂಬುದನ್ನು ಲಕ್ಷಣದಲ್ಲಿಯೇ ಸೇರಿಸಿದ್ದಾನೆ. ಬೊಂಬೆಯನ್ನು ಕಣ್ಣಿನ ಹತ್ತಿರ ಹಿಡಿದರೆ ಅಂಚಿನ ಗೆರೆ ಅತಿಯೆನಿಸುತ್ತದೆ, ನೆರಳು ಕೊಳೆಯಂತೆ ತೋರುತ್ತದೆ. ಮೇಜಿನ ಮೇಲಿಟ್ಟು ಮೂರು ಅಡಿ ಹಿಂದೆ ಸರಿದು ನೋಡಿದಾಗ ಗೆರೆ ಕರಗಿ ಅಲಗು ಹೊಳೆಯುತ್ತದೆ, ಕೊಳೆ ಕರಗಿ ನೆರಿಗೆ ಏಳುತ್ತದೆ. ಆ ಅತಿಶಯಕ್ಕೆ ನಿಮಿತ್ತ ಆ ಮೂರು ಅಡಿ. ಓದುಗನು ಎಷ್ಟು ದೂರದಲ್ಲಿದ್ದಾನೆಂಬುದನ್ನು ಬಲ್ಲ ಕವಿಯ ಅತಿಶಯವೂ ಹೀಗೆಯೇ ಸತ್ಯವಾಗುತ್ತದೆ. ಅದನ್ನು ಅರಿಯದವನದು ಬರಿಯ ಗಟ್ಟಿ ಬಣ್ಣವಾಗಿ ಉಳಿಯುತ್ತದೆ.