ಹಲ್ಲಿಯ ಪಾದವೂ ಭೂಮಿಯ ಸೆಳೆತವೂ

ದೀಪದ ಬಳಿ ಚಾವಣಿಯಲ್ಲಿ ತಲೆಕೆಳಗಾಗಿ ನಿಂತು ಹುಳುಗಳಿಗಾಗಿ ಹೊಂಚುಹಾಕುವ ಮನೆಹಲ್ಲಿಯ ಲೊಚಗುಟ್ಟುವಿಕೆಯಲ್ಲಿ ಶಕುನವನ್ನರಸುವವರು ಅನೇಕರುಂಟು. ಅದು ಬೀಳದೆ ನಿಂತಿರುವುದೇ ಒಂದು ಗಹನವಾದ ಪ್ರಶ್ನೆಯೆಂಬುದನ್ನು ಗಮನಿಸುವವರು ವಿರಳ.

ಉತ್ತರವನ್ನರಸುವ ಮುನ್ನ ಬಲಗಳ ಬಗೆಗಳನ್ನು ನೋಡೋಣ. ಬಂಡಿಯನ್ನೆಳೆಯುವ ಎತ್ತಿನ ಬಲ, ಚಕ್ರವನ್ನು ತಡೆಯುವ ಘರ್ಷಣೆ, ನೆಲವು ಪಾದಕ್ಕೀಯುವ ಆಧಾರ, ಇವೆಲ್ಲವೂ ಮುಟ್ಟಿದಲ್ಲದೆ ವರ್ತಿಸದ ಸಂಪರ್ಕಬಲಗಳು. ಅಯಸ್ಕಾಂತದ ಆಕರ್ಷಣೆಯೂ ಭೂಮಿಯ ಗುರುತ್ವವೂ ನಡುವೆ ಬರಿಯ ಶೂನ್ಯವಿದ್ದರೂ ವರ್ತಿಸುವ ಸಂಪರ್ಕರಹಿತ ಬಲಗಳು. ಗುರುತ್ವದ ನಿಯಮವನ್ನು ಗಣಿತದಲ್ಲಿ ಕಟ್ಟಿಕೊಟ್ಟ ನ್ಯೂಟನ್ನನೇ, ಮಧ್ಯವರ್ತಿಯಾವುದೂ ಇಲ್ಲದೆ ಒಂದು ವಸ್ತು ದೂರದ ಇನ್ನೊಂದನ್ನು ಸೆಳೆಯುವುದೆಂಬುದು ಅಸಂಬದ್ಧವೆಂದು 1693ರಲ್ಲಿ ದೈವಶಾಸ್ತ್ರಜ್ಞ ಬೆಂಟ್ಲಿಗೆ ಬರೆದ ಪತ್ರದಲ್ಲಿ ಹೇಳಿದ್ದನು.

ಹಲ್ಲಿಯನ್ನು ಕೆಳಕ್ಕೆಳೆಯುತ್ತಿರುವುದು ಗುರುತ್ವವೆಂಬುದು ಸ್ಪಷ್ಟ. ಆದರೆ ಅದನ್ನು ಮೇಲೆ ಹಿಡಿದಿರುವುದಾವುದು? ಮೇಜು ಪುಸ್ತಕವನ್ನು ಮೇಲಕ್ಕೆ ಒತ್ತುವುದು. ಚಾವಣಿಯಾದರೋ ತನಗೆ ತಗುಲಿದ ವಸ್ತುವನ್ನು ಕೆಳಕ್ಕೆ ಒತ್ತಬಲ್ಲುದೇ ಹೊರತು ಮೇಲಕ್ಕಲ್ಲ. ಘರ್ಷಣೆಯು ಮೇಲ್ಮೈಯ ಉದ್ದಕ್ಕೆ ಜಾರುವುದನ್ನು ತಡೆದೀತು, ಬೀಳುವುದನ್ನು ತಡೆಯಲಾರದು. ಪಾದದಲ್ಲಿ ಅಂಟನ್ನು ಸ್ರವಿಸುವ ಗ್ರಂಥಿಗಳಿಲ್ಲ. ಗಾಳಿಯನ್ನು ಹೀರಿ ಹಿಡಿಯುವುದೆನ್ನೋಣವೆಂದರೆ ನಿರ್ವಾತದಲ್ಲಿಯೂ ಆ ಹಿಡಿತ ಸಡಿಲದು.

ಮನೆಹಲ್ಲಿಯ ದೊಡ್ಡ ಬಂಧುವಾದ ಟೋಕೆ ಹಲ್ಲಿಯ ಪಾದವೊಂದರಲ್ಲಿ ಸುಮಾರು 5 ಲಕ್ಷ ಸೂಕ್ಷ್ಮ ಕೇಶಗಳಿದ್ದು, ಒಂದೊಂದರ ತುದಿಯೂ ನೂರಾರು ಕವಲುಗಳಾಗಿ ಒಡೆದು, ಪ್ರತಿಯೊಂದು ಕವಲೂ ಮಿಲಿಮೀಟರಿನ 5000ದಲ್ಲೊಂದು ಪಾಲಿನಷ್ಟೇ ಅಗಲವಾದ ಚಪ್ಪಟೆ ತುದಿಯಲ್ಲಿ ಮುಗಿಯುತ್ತದೆ. ಇಂತಹ ಒಂದೇ ಕೇಶದ ಬಲವನ್ನು ಜೀವವಿಜ್ಞಾನಿ ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2000ದಲ್ಲಿ ಅಳೆದರು; ಆ ಹಿಡಿತವು ವಾನ್ ಡರ್ ವಾಲ್ಸ್ ಬಲದ್ದೆಂಬುದಕ್ಕೆ 2002ರಲ್ಲಿ ಪ್ರಮಾಣವನ್ನೊದಗಿಸಿದರು. ಆ ಬಲವು ಹುಟ್ಟುವುದು ಹೀಗೆ: ಅಣುವೊಂದರಲ್ಲಿ ಎಲೆಕ್ಟ್ರಾನುಗಳು ಕ್ಷಣಮಾತ್ರ ಒಂದು ಕಡೆಗೆ ವಾಲಿದಾಗ ನೆರೆಯ ಅಣುವಿನಲ್ಲಿಯೂ ಅದಕ್ಕೆ ಹೊಂದುವ ವಾಲಿಕೆಯುಂಟಾಗಿ ಅವೆರಡೂ ಒಂದನ್ನೊಂದು ಸೆಳೆಯುತ್ತವೆ. ಇದು ವಿದ್ಯುತ್ತಿನ ಸೆಳೆತ. ಎಂದರೆ ನಾವು ಸಂಪರ್ಕರಹಿತವೆಂದು ಬೇರೆಯಿರಿಸಿದ ಗುಂಪಿಗೇ ಸೇರಿದ್ದು!

ನನ್ನನ್ನು ಬಹುವಾಗಿ ವಿಸ್ಮಯಗೊಳಿಸುವುದು ಇದೇ. ಪರಮಾಣುಗಳ ಮಟ್ಟಕ್ಕಿಳಿದು ನೋಡಿದರೆ ಹಲ್ಲಿಯ ಪಾದವು ಚಾವಣಿಯನ್ನು ನಾವೆಣಿಸುವ ಅರ್ಥದಲ್ಲಿ ಮುಟ್ಟಿಯೇ ಇಲ್ಲ. ಎತ್ತಿನ ಹೆಗಲು ನೊಗವನ್ನು ಮುಟ್ಟುವ ಬಗೆಯೂ ಇದಕ್ಕಿಂತ ಬೇರೆಯಲ್ಲ. ಬಂಡಿಯ ಚಲನೆಯನ್ನು ಲೆಕ್ಕಹಾಕುವವನಿಗೆ ಹಳೆಯ ವಿಭಾಗವೇ ಸಾಕು, ಅದನ್ನು ಕೈಬಿಡಬೇಕಾಗಿಲ್ಲ, ಭೇದವಿರುವುದು ವ್ಯಾಪ್ತಿಯಲ್ಲಿ. ಗುರುತ್ವವು 3,84,000 ಕಿಲೋಮೀಟರು ದೂರದ ಚಂದ್ರನನ್ನೂ ಹಿಡಿದಿಟ್ಟಿದ್ದರೆ, ಹಲ್ಲಿಯನ್ನು ಹಿಡಿದಿರುವ ಬಲವು ಕೆಲವೇ ನ್ಯಾನೋಮೀಟರುಗಳೊಳಗೆ ನಶಿಸುತ್ತದೆ. ಹೆಜ್ಜೆಯೆತ್ತುವಾಗ ಹಲ್ಲಿಯು ಬೆರಳುಗಳನ್ನು ತುದಿಯಿಂದ ಮೇಲಕ್ಕೆ ಸುರುಳಿಸುವುದೂ ಅದರಿಂದಲೇ: ಕೇಶವು ಮೇಲ್ಮೈಯೊಡನೆ ಮಾಡುವ ಕೋನ ಸುಮಾರು 30 ಡಿಗ್ರಿಯನ್ನು ಮೀರಿತೆಂದರೆ ಆ ಅತ್ಯಲ್ಪ ಅಂತರವು ಹಿಗ್ಗಿ, ಹಿಡಿತವು ತಾನಾಗಿ ಬಿಟ್ಟುಕೊಳ್ಳುತ್ತದೆ.