ಐದು ಲಕ್ಷಕ್ಕೆ ಆರು ಸಿಲಿಂಡರ್ ಕಾರು: ಮೈಸೂರಿನ ದಿನನಿತ್ಯದ ಓಡಾಟಕ್ಕೆ ಲಾಭವೇ, ನಷ್ಟವೇ?

‘ಸಣ್ಣ ಕಾರಿನ ಬೆಲೆಗೆ ಸಾಹೇಬರ ಕಾರು! ಆರು ಸಿಲಿಂಡರ್ ಪೆಟ್ರೋಲ್, ಲೆದರ್ ಸೀಟು, ಸನ್‌ರೂಫ್, ಕಡಿಮೆ ಓಡಿದೆ, ಒಬ್ಬರೇ ಓನರ್. ಐದು ಲಕ್ಷ ಮಾತ್ರ, ಬೇಗ ಬನ್ನಿ!’ ಇಂಥದ್ದೊಂದು ಸಂದೇಶ ನಾಲ್ಕೈದು ಫೋಟೋಗಳ ಜೊತೆ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರ ಕೆಳಗೆ ಒಬ್ಬರು ‘ಇಂಥ ಎಂಜಿನ್ ಸಾಯೋದೇ ಇಲ್ಲ’ ಎಂದರೆ, ಇನ್ನೊಬ್ಬರು ‘15 ವರ್ಷ ಆದ ಮೇಲೆ ಸರ್ಕಾರ ಗುಜರಿಗೆ ಹಾಕುತ್ತೆ’ ಎನ್ನುತ್ತಾರೆ. ಮತ್ತೊಬ್ಬರು ‘ಈಗಿನ ಪೆಟ್ರೋಲ್ ಹಾಕಿದರೆ ಎಂಜಿನ್ ಸೀಜ್ ಆಗುತ್ತೆ’ ಎಂದು ಹೆದರಿಸುತ್ತಾರೆ.

ಇವುಗಳಲ್ಲಿ ಯಾವುದು ನಿಜ? ಮೈಸೂರಿನಲ್ಲಿ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಓಡಾಡಲು ಇಂಥ ಕಾರು ಕೊಳ್ಳಬಹುದೇ? ಕೂಡಿಟ್ಟ ಹಣ ಹಾಕುವ ಮೊದಲು ಒಂದೊಂದಾಗಿ ನೋಡೋಣ.

ಮೊದಲು, ಆರು ಸಿಲಿಂಡರ್ ಎಂದರೇನು?

ಪೆಟ್ರೋಲ್ ಉರಿದು ಶಕ್ತಿ ಹುಟ್ಟುವ ಜಾಗವೇ ಸಿಲಿಂಡರ್. ನಾವು ದಿನವೂ ನೋಡುವ ಸಣ್ಣ ಕಾರುಗಳಲ್ಲಿ ಮೂರು ಅಥವಾ ನಾಲ್ಕು ಸಿಲಿಂಡರ್ ಇರುತ್ತವೆ. ಎಂಜಿನ್‌ನ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರ್ ಒಮ್ಮೆ ಉರಿಯುತ್ತದೆ. ಅಂದರೆ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಅರ್ಧ ಸುತ್ತಿಗೊಮ್ಮೆ, ಆರು ಸಿಲಿಂಡರ್‌ನಲ್ಲಿ ಮೂರನೇ ಒಂದು ಸುತ್ತಿಗೊಮ್ಮೆ ಶಕ್ತಿ ಸಿಗುತ್ತದೆ. ತಳ್ಳುಗಳು ಹತ್ತಿರ ಹತ್ತಿರ ಬಂದಷ್ಟೂ ಅದುರುವಿಕೆ ಕಡಿಮೆ. ಆರೂ ಸಿಲಿಂಡರ್ ಒಂದೇ ಸಾಲಿನಲ್ಲಿದ್ದರೆ ಪಿಸ್ಟನ್‌ಗಳ ಎಳೆದಾಟ ಒಂದನ್ನೊಂದು ಸರಿದೂಗಿಸಿ ಎಂಜಿನ್ ಇನ್ನೂ ನಯವಾಗಿರುತ್ತದೆ. ‘ಬೆಣ್ಣೆ ಹಾಗೆ ಓಡುತ್ತೆ’ ಎಂಬ ಮಾತು ಸುಳ್ಳಲ್ಲ.

ನಮ್ಮ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಈ ವರ್ಗದಲ್ಲಿ ಸಿಗುವವು ಹೋಂಡಾ ಅಕಾರ್ಡ್ ವಿ6, 2.5 ಲೀಟರ್ ನಿಸ್ಸಾನ್ ಟಿಯಾನಾ, ಸ್ಕೋಡಾ ಸೂಪರ್ಬ್ ವಿ6, ಬಿಎಂಡಬ್ಲ್ಯು ಹಳೆಯ 530ಐ, ಅಪರೂಪಕ್ಕೆ ಮಾರುತಿ ಗ್ರ್ಯಾಂಡ್ ವಿಟಾರಾ ಎಕ್ಸ್‌ಎಲ್-7. ಇಲ್ಲೊಂದು ಎಚ್ಚರಿಕೆ: ಹಿಂದಿನ ಫಲಕ ನೋಡಿ ಸಿಲಿಂಡರ್ ಎಣಿಸಬೇಡಿ. ಹಳೆಯ 530ಐ ಕಾರಿನಲ್ಲಿ ಆರು ಸಿಲಿಂಡರ್ ಇತ್ತು. 2017ರಲ್ಲಿ ಬಂದ ಪೀಳಿಗೆಯ 530ಐ ಕಾರಿನಲ್ಲಿರುವುದು ನಾಲ್ಕೇ ಸಿಲಿಂಡರ್‌ನ 2 ಲೀಟರ್ ಎಂಜಿನ್. ಆರ್‌ಸಿಯಲ್ಲಿ ಸಿಲಿಂಡರ್ ಸಂಖ್ಯೆ ಮತ್ತು ಸಿಸಿ ಬರೆದಿರುತ್ತದೆ, ಅದನ್ನು ನೋಡಿ.

ಬೆಲೆ ಇಷ್ಟು ಕಡಿಮೆ ಏಕೆ?

ಹೊಸದಿದ್ದಾಗ ಇಪ್ಪತ್ತು ಲಕ್ಷದ ಆಸುಪಾಸು, ಕೆಲವು ಅದಕ್ಕೂ ಎಷ್ಟೋ ಹೆಚ್ಚು ಬೆಲೆಯಿದ್ದ ಕಾರುಗಳಿವು. ಈಗ ಅಗ್ಗವಾಗಿರುವುದು ಕಾರು ಕೆಟ್ಟದ್ದು ಎಂದಲ್ಲ, ಸಾಕುವವರು ಕಡಿಮೆ ಎಂದು. ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ, ಅದು ಕುಡಿಯುವ ಪೆಟ್ರೋಲಿನ ಬೆಲೆ ಇಳಿಯುವುದಿಲ್ಲ. ಐದು ಲಕ್ಷಕ್ಕೆ ಕೊಂಡರೂ ಅದರ ಬ್ರೇಕ್, ಸಸ್ಪೆನ್ಷನ್, ಗೇರ್‌ಬಾಕ್ಸ್ ಇಪ್ಪತ್ತೈದು ಲಕ್ಷದ ಕಾರಿನವೇ. ಆನೆ ಅಗ್ಗಕ್ಕೆ ಸಿಕ್ಕಿತೆಂದು ಮೇವೂ ಅಗ್ಗವಾಗುವುದಿಲ್ಲ, ಅಲ್ಲವೇ?

ಮೈಸೂರಿನ ಓಡಾಟಕ್ಕೆ ಲೆಕ್ಕ ಹಾಕೋಣ

ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಕೆಲಸಕ್ಕೆ ಹೋಗುವವರನ್ನು ತೆಗೆದುಕೊಳ್ಳಿ. ಹೋಗಿ ಬರಲು ಹೆಚ್ಚೆಂದರೆ 24 ಕಿ.ಮೀ. ತಿಂಗಳಿಗೆ 25 ದಿನವೆಂದರೆ 600 ಕಿ.ಮೀ. ಪೆಟ್ರೋಲ್ ಲೀಟರ್‌ಗೆ ₹103 ಎಂದು ಹಿಡಿಯೋಣ.

– ಹಳೆಯ ಆರು ಸಿಲಿಂಡರ್ ಆಟೋಮ್ಯಾಟಿಕ್ ಪೇಟೆಯೊಳಗೆ ಲೀಟರ್‌ಗೆ 7 ಕಿ.ಮೀ. ಕೊಟ್ಟರೆ: ತಿಂಗಳಿಗೆ ಸುಮಾರು 86 ಲೀಟರ್, ₹8,800.
– ಸಣ್ಣ ನಾಲ್ಕು ಸಿಲಿಂಡರ್ ಕಾರು 15 ಕಿ.ಮೀ. ಕೊಟ್ಟರೆ: 40 ಲೀಟರ್, ₹4,120.

ವ್ಯತ್ಯಾಸ ತಿಂಗಳಿಗೆ ಸುಮಾರು ₹4,700, ವರ್ಷಕ್ಕೆ ₹56,000ಕ್ಕೂ ಹೆಚ್ಚು. ಐದು ವರ್ಷ ಓಡಿಸಿದರೆ ಬರೀ ಪೆಟ್ರೋಲಿನಲ್ಲೇ ಕಾರಿನ ಅರ್ಧ ಬೆಲೆಗಿಂತ ಹೆಚ್ಚು ಹಣ ಹೋಗಿರುತ್ತದೆ. ಕಡ್ಡಾಯದ ಥರ್ಡ್ ಪಾರ್ಟಿ ವಿಮೆಯಲ್ಲೂ ಅಂತರವಿದೆ. 2022ರಲ್ಲಿ ನಿಗದಿಯಾದ ದರದಂತೆ 1,500 ಸಿಸಿ ದಾಟಿದ ಖಾಸಗಿ ಕಾರಿಗೆ ವರ್ಷಕ್ಕೆ ₹7,897, 1,000ದಿಂದ 1,500 ಸಿಸಿವರೆಗಿನ ಕಾರಿಗೆ ₹3,416. ತೆರಿಗೆ ಬೇರೆ.

ಈ ಲೆಕ್ಕವನ್ನು ನಿಮ್ಮ ಮನೆ, ನಿಮ್ಮ ಆಫೀಸಿನ ದೂರ ಹಾಕಿ ಮತ್ತೆ ಮಾಡಿ. ಉತ್ತರ ಅಲ್ಲೇ ಸಿಗುತ್ತದೆ.

ಹತ್ತಿರದ ಓಡಾಟವೇ ದೊಡ್ಡ ಎಂಜಿನ್‌ಗೆ ಶತ್ರು

‘ನಾನು ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸೋದು ಅಷ್ಟೇ, ಮೈಲೇಜ್ ಕಡಿಮೆ ಆದರೇನು?’ ಎಂದು ಕೇಳುವವರಿದ್ದಾರೆ. ನಮ್ಮ ಪ್ರಕಾರ ತಪ್ಪು ನಡೆಯುವುದು ಇಲ್ಲೇ.

ಸಮತಟ್ಟು ರಸ್ತೆಯಲ್ಲಿ 60 ಕಿ.ಮೀ. ವೇಗ ಕಾಯ್ದುಕೊಳ್ಳಲು ಕಾರಿಗೆ ಹತ್ತು ಹದಿನೈದು ಅಶ್ವಶಕ್ತಿ ಸಾಕು. ಇನ್ನೂರೈವತ್ತು ಅಶ್ವಶಕ್ತಿಯ ಎಂಜಿನ್ ಅಷ್ಟನ್ನೇ ಕೊಡುವಾಗ ಗಾಳಿ ಒಳಬರುವ ಬಾಗಿಲು ಬಹುತೇಕ ಮುಚ್ಚಿಯೇ ಇರುತ್ತದೆ. ಮುಚ್ಚಿದ ಬಾಗಿಲಿನ ಸಂದಿಯಿಂದ ಗಾಳಿ ಎಳೆಯುವುದಕ್ಕೂ, ಆರು ಪಿಸ್ಟನ್‌ಗಳ ಘರ್ಷಣೆಗೂ ಪೆಟ್ರೋಲ್ ಖರ್ಚಾಗುತ್ತದೆ. ಅಗ್ರಹಾರ ವೃತ್ತದಲ್ಲೋ ಕೆ.ಆರ್. ವೃತ್ತದಲ್ಲೋ ಸಿಗ್ನಲ್‌ಗೆ ನಿಂತಾಗಲೂ ಆರೂ ಸಿಲಿಂಡರ್ ಉರಿಯುತ್ತಲೇ ಇರುತ್ತವೆ.

ಎರಡನೆಯದು, ಬಿಸಿಯಾಗುವ ಸಮಯ. ದೊಡ್ಡ ಎಂಜಿನ್‌ನಲ್ಲಿ ಲೋಹವೂ ಹೆಚ್ಚು, ಆಯಿಲ್ಲೂ ಹೆಚ್ಚು. ತಾಪಮಾನದ ಮುಳ್ಳು ನಡುವಿಗೆ ಬಂದರೂ ಅದು ತೋರಿಸುವುದು ಕೂಲೆಂಟ್‌ನ ಬಿಸಿ. ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು. ತಣ್ಣಗಿರುವ ಎಂಜಿನ್ ಹೆಚ್ಚು ಪೆಟ್ರೋಲ್ ಕೇಳುತ್ತದೆ. ಉರಿಯುವಾಗ ಹುಟ್ಟುವ ನೀರಿನ ಆವಿ ಮತ್ತು ಉರಿಯದ ಪೆಟ್ರೋಲ್ ಆಯಿಲ್‌ಗೆ ಸೇರಿಕೊಳ್ಳುತ್ತವೆ. ದೂರ ಓಡಿದರೆ ಬಿಸಿಗೆ ಅವು ಹಾರಿಹೋಗುತ್ತವೆ. ಸರಸ್ವತಿಪುರಂನಿಂದ ದೇವರಾಜ ಮಾರುಕಟ್ಟೆಗೆ ಹೋಗಿ ನಿಲ್ಲಿಸಿದರೆ ಅಲ್ಲೇ ಉಳಿದು ಆಯಿಲ್ ಬೇಗ ಕೆಡುತ್ತದೆ. ಬ್ಯಾಟರಿಯೂ ಪೂರ್ತಿ ಚಾರ್ಜ್ ಆಗುವುದಿಲ್ಲ. ಹಾಗಾಗಿ ಇಂಥ ಓಡಾಟಕ್ಕೆ ಕಿಲೋಮೀಟರ್ ನೋಡದೆ ತಿಂಗಳು ನೋಡಿ ಆಯಿಲ್ ಬದಲಿಸಬೇಕು.

ಫಾರ್ವರ್ಡ್‌ಗಳು ಹೇಳುವುದು, ನಿಜ ಇರುವುದು

*‘ಕಡಿಮೆ ಓಡಿದ ಹಳೆ ಕಾರು ಹೊಸದಕ್ಕೆ ಸಮ.’* ಅರ್ಧ ನಿಜ. ರಬ್ಬರ್‌ಗೆ ಕಿಲೋಮೀಟರ್ ಗೊತ್ತಿಲ್ಲ, ವಯಸ್ಸು ಗೊತ್ತು. ಉದಾಹರಣೆಗೆ ಅಕಾರ್ಡ್ ವಿ6 ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇದೆ. ಓಡಿದ್ದು 50,000 ಕಿ.ಮೀ. ಆದರೂ ಹದಿನೈದು ವರ್ಷ ಹಳೆಯ ಬೆಲ್ಟ್ ನಂಬುವಂತಿಲ್ಲ. ಓಡುವಾಗ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಬದಲಿಸಿದ ಬಿಲ್ ತೋರಿಸದಿದ್ದರೆ ಆ ಖರ್ಚನ್ನು ಬೆಲೆಯಿಂದ ಕಳೆಯಿರಿ. ಟೈರ್‌ಗೂ ಇದೇ ಮಾತು.

*‘15 ವರ್ಷ ಆದರೆ ಗುಜರಿಗೆ.’* ಕರ್ನಾಟಕಕ್ಕೆ ಇದು ಸುಳ್ಳು. ವಯಸ್ಸಿನ ಕಾರಣಕ್ಕೇ ಓಡಾಟ ತಡೆಯುವ ನಿಯಮ ಬಂದದ್ದು ದಿಲ್ಲಿ ರಾಜಧಾನಿ ವಲಯಕ್ಕೆ. ಇಲ್ಲಿ 15 ವರ್ಷ ತುಂಬಿದ ಖಾಸಗಿ ಕಾರನ್ನು ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. ಆದರೆ ಪುಕ್ಕಟೆಯಲ್ಲ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ ₹600ರಿಂದ ₹5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು ₹10,000 ಮಾಡಲಾಯಿತು. ವಿದೇಶದಿಂದ ಆಮದಾದ ಕಾರಾದರೆ ಶುಲ್ಕ ಇದರ ಎಷ್ಟೋ ಪಟ್ಟು. ಹಸಿರು ತೆರಿಗೆ ಪ್ರತ್ಯೇಕ.

*‘ದಿಲ್ಲಿ ಕಾರು ತಂದರೆ ಅರ್ಧ ಬೆಲೆ.’* ಅಲ್ಲಿ ಅಗ್ಗವಾಗಲು ಮೇಲಿನ ನಿಯಮವೂ ಒಂದು ಕಾರಣ. ಬೇರೆ ರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಇಲ್ಲಿನ ನೋಂದಣಿ ಬೇಕು. ಅದಕ್ಕೆ ಅಲ್ಲಿನ ಎನ್‌ಒಸಿ ಬೇಕು, ಕಾರಿನ ಮೂಲ ಬೆಲೆ ಮತ್ತು ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ದುಬಾರಿ ಕಾರಿಗೆ ಈ ಮೊತ್ತ ಚಿಕ್ಕದಲ್ಲ. ಕೆಎ-09 ಅಥವಾ ಕೆಎ-55 ಫಲಕ ಹಾಕುವವರೆಗಿನ ಖರ್ಚನ್ನು ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಿ, ಆಮೇಲೆ ಮುಂಗಡ ಕೊಡಿ.

*‘ಇ20 ಹಾಕಿದರೆ ಎಂಜಿನ್ ಸೀಜ್.’* ಉತ್ಪ್ರೇಕ್ಷೆ. ಆದರೆ ಚಿಂತೆ ಪೂರ್ತಿ ಸುಳ್ಳಲ್ಲ. ಶೇ 20ರಷ್ಟು ಎಥನಾಲ್ ಬೆರೆಸಿದ ಈ ಪೆಟ್ರೋಲ್‌ಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತ್ತು, ಈಗ ದೇಶದ ಬಹುತೇಕ ಬಂಕ್‌ಗಳಲ್ಲಿ ಸಿಗುವುದು ಇದೇ. ಲೀಟರ್ ಲೆಕ್ಕದಲ್ಲಿ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಹಾಗಾಗಿ ಇದಕ್ಕೆಂದು ಹೊಂದಿಸದ ಹಳೆಯ ಎಂಜಿನ್‌ನಲ್ಲಿ ಮೈಲೇಜ್ ಶೇ 6ರ ಆಸುಪಾಸು ಇಳಿಯಬಹುದು. ಎಥನಾಲ್ ನೀರನ್ನು ಹೀರುತ್ತದೆ, ಅದಕ್ಕೆ ಒಗ್ಗದ ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಬೇಗ ಸವೆಸುತ್ತದೆ. 2023ಕ್ಕಿಂತ ಹಳೆಯ ಕಾರು ಕೊಂಡರೆ ಪೆಟ್ರೋಲ್ ಪೈಪುಗಳನ್ನು ತೋರಿಸಿ, ಬಿರುಕಿದ್ದರೆ ಬದಲಿಸಿ. ತಿಂಗಳುಗಟ್ಟಲೆ ಟ್ಯಾಂಕ್‌ನಲ್ಲಿ ಪೆಟ್ರೋಲ್ ಇಟ್ಟು ಕಾರು ನಿಲ್ಲಿಸಬೇಡಿ. ಪೆಟ್ರೋಲ್ ವಾಸನೆ ಬಂದರೆ ಓಡಿಸಲೇಬೇಡಿ, ಅದು ಬೆಂಕಿಯ ವಿಷಯ.

ಹಾಗಾದರೆ ಯಾರು ಕೊಳ್ಳಬಹುದು?

ನಗರದೊಳಗೇ ದಿನಕ್ಕೆ ಇಪ್ಪತ್ತು ಕಿ.ಮೀ. ಒಳಗೆ ಓಡಾಡುವವರಿಗೆ, ಮನೆಗೆ ಇದೊಂದೇ ಕಾರಾದರೆ, ಬೇಡ ಎನ್ನುತ್ತೇವೆ. ನಂಜನಗೂಡಿನ ಕಾರ್ಖಾನೆಗಳ ಕಡೆಗೆ ಹೋಗುವವರಿಗೆ ಎಂಜಿನ್ ಸರಿಯಾಗಿ ಬಿಸಿಯಾಗುತ್ತದೆ, ಖರ್ಚು ತಾಳುವ ಶಕ್ತಿಯಿದ್ದರೆ ಯೋಚಿಸಬಹುದು. ಬೆಂಗಳೂರಿಗೋ ಮಡಿಕೇರಿಗೋ ಆಗಾಗ ಹೋಗುವವರು, ಪೇಟೆ ಓಡಾಟಕ್ಕೆ ಸ್ಕೂಟರ್ ಅಥವಾ ಸಣ್ಣ ಕಾರು ಇರುವವರು ಇದನ್ನು ನಿಜವಾಗಿ ಅನುಭವಿಸಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 90–100ರ ವೇಗದಲ್ಲಿ ಒಂದೇ ಸಮನೆ ಹೋಗುವಾಗ ಎಂಜಿನ್ ನಿರಾಳವಾಗಿರುತ್ತದೆ, ಪೇಟೆಗಿಂತ ಮೈಲೇಜ್ ಚೆನ್ನಾಗಿ ಬರುತ್ತದೆ. ಅಲ್ಲಿ ವೇಗದ ಮಿತಿ 100 ಎಂಬುದು ನೆನಪಿರಲಿ, ಆರು ಸಿಲಿಂಡರ್‌ಗೂ ಅದೇ ಮಿತಿ.

ಕೊಳ್ಳುವ ಮೊದಲು ಇಷ್ಟು ನೋಡಿ

1. ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಹೋಗಿ. ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿ. ಮೊದಲ ಕೆಲವು ಸೆಕೆಂಡ್ ಗಡಗಡ ಸದ್ದು, ನೀಲಿ ಹೊಗೆ, ಅದುರುವಿಕೆ ಗಮನಿಸಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ.

2. ಒಬಿಡಿ ಸ್ಕ್ಯಾನರ್ ಹಾಕಿಸಿ. ಯಾವುದಾದರೂ ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ ತಿಳಿಯುತ್ತದೆ. ಆರರಲ್ಲಿ ಒಂದು ಸೋತರೂ ಕಾರು ಓಡುತ್ತದೆ, ಅದಕ್ಕೇ ಕಿವಿಯನ್ನಷ್ಟೇ ನಂಬಬೇಡಿ. ಮೊದಲ ದಿನವೇ ಕೋಡ್ ಅಳಿಸಿ ತಂದಿರಬಹುದು, ಹಾಗಾಗಿ ಅರ್ಧ ಗಂಟೆ ಓಡಿಸಿ ಮತ್ತೆ ನೋಡಿ.

3. ಗೇರ್‌ಬಾಕ್ಸ್ ಬಿಸಿಯಾದ ಮೇಲೆ ಪರೀಕ್ಷಿಸಿ. ವರ್ತುಲ ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಟಿಯಾನಾದಂಥ ಸಿವಿಟಿ ಕಾರುಗಳಲ್ಲಿ ನಿಧಾನ ವೇಗದಲ್ಲಿ ನಡುಕ, ಏರಿನಲ್ಲಿ ಜಾರಿದಂಥ ಅನುಭವ ಬಂದರೆ ಬಿಟ್ಟುಬಿಡಿ. ಚಾಮುಂಡಿ ಬೆಟ್ಟದ ರಸ್ತೆ ಇದಕ್ಕೆ ಒಳ್ಳೆಯ ಪರೀಕ್ಷೆ, ಎಂಜಿನ್ ತಂಪು ಕಾಯುವ ವ್ಯವಸ್ಥೆಗೂ ಕೂಡ.

4. ಸ್ಪಾರ್ಕ್ ಪ್ಲಗ್ ಕೂಲಿ ಕೇಳಿ. ಅಡ್ಡಲಾಗಿ ಕೂತ ಹಲವು ವಿ6 ಎಂಜಿನ್‌ಗಳಲ್ಲಿ ಹಿಂದಿನ ಮೂರು ಪ್ಲಗ್ ಬಿಚ್ಚಲು ಮೇಲಿನ ಮ್ಯಾನಿಫೋಲ್ಡನ್ನೇ ತೆಗೆಯಬೇಕು. ಇಷ್ಟಕ್ಕೆ ಎಷ್ಟು ಎಂದು ಕೇಳಿದರೆ ಮುಂದಿನ ಖರ್ಚಿನ ಅಂದಾಜು ಸಿಗುತ್ತದೆ.

5. ನೀರು ನುಗ್ಗಿದ ಗುರುತು ಹುಡುಕಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ದುಬಾರಿ ಕಾರುಗಳೂ ಮುಳುಗಿದ್ದು ನೆನಪಿರಬಹುದು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ, ಕಾರ್ಪೆಟ್ ಕೆಳಗೆ, ಸ್ಟೆಪ್ನಿ ಗುಂಡಿಯಲ್ಲಿ ಮಣ್ಣು, ಸೀಟಿನ ಕಂಬಿಗಳಲ್ಲಿ ತುಕ್ಕು ಇದೆಯೇ ಗಮನಿಸಿ.

6. ಎಂಪರಿವಾಹನ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿ ಸಾಲ, ವಿಮೆ, ನೋಂದಣಿ ಅವಧಿ ನೋಡಿ. ಬಾಕಿ ದಂಡವನ್ನೂ ಪರಿಶೀಲಿಸಿ. ಹಣ ಕೊಟ್ಟ ಮೇಲೆ ಮಾಲೀಕತ್ವ ಬದಲಾವಣೆ ತಡ ಮಾಡಬೇಡಿ. ಕಾನೂನಿನಂತೆ ಕೊಂಡವರಿಗೆ 30 ದಿನ ಸಮಯವಿದೆ.

7. ಕೊನೆಗೆ, ಬೆಲೆಯ ಮೂರನೇ ಒಂದು ಭಾಗವನ್ನಾದರೂ ಮೊದಲ ವರ್ಷದ ರಿಪೇರಿಗೆಂದು ಬೇರೆ ಎತ್ತಿಡಿ. ಐದು ಲಕ್ಷವಿದ್ದರೆ ಮೂರೂವರೆ, ಹೆಚ್ಚೆಂದರೆ ಮೂರೂಮುಕ್ಕಾಲು ಲಕ್ಷದ ಕಾರು ನೋಡಿ. ಸಾಲ ಮಾಡಿ ಕೊಳ್ಳಬೇಕಾದರೆ ಇಂಥ ಕಾರು ಬೇಡವೇ ಬೇಡ. ರಿಪೇರಿಗೆ ದುಡ್ಡಿಲ್ಲವೆಂದು ಸವೆದ ಬ್ರೇಕ್, ಹಳೆ ಟೈರಿನಲ್ಲೇ ಓಡಿಸುವ ದೊಡ್ಡ ಕಾರಿಗಿಂತ ಚೆನ್ನಾಗಿ ನೋಡಿಕೊಂಡ ಸಣ್ಣ ಕಾರು ಮನೆಯವರನ್ನು ಸುರಕ್ಷಿತವಾಗಿ ತಲುಪಿಸುತ್ತದೆ.

‘ಸಾಹೇಬರ ಕಾರು’ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ, ಅದರ ಕೆಳಗೆ ಎರಡೇ ಪ್ರಶ್ನೆ ಹಾಕಿ: ಟೈಮಿಂಗ್ ಬೆಲ್ಟ್ ಅಥವಾ ಚೈನ್ ಕೆಲಸದ ಬಿಲ್ ಇದೆಯಾ? ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ತೋರಿಸುತ್ತೀರಾ? ಉತ್ತರ ಬಂದರೆ ಹೋಗಿ ನೋಡಿ, ಬಾರದಿದ್ದರೆ ಸುಮ್ಮನಿರಿ. ಕಾರು ಹುಡುಕುತ್ತಿರುವ ಗೆಳೆಯರಿಗೆ, ಮುಂಗಡ ಕೊಡುವ ಮೊದಲೇ, ಇದನ್ನು ಕಳಿಸಿ.